ಕಬ್ಬಿಣ ಹೆಚ್ಚಾದರೂ ಕಷ್ಟವೇ!

"ಮಗು ಇಷ್ಟೊಂದು ಬಿಳುಚಿಕೊಂಡಿದೆಯಲ್ರೀ! ದಿನಾ ಎರಡು ಖರ್ಜೂರ ಕೊಡಿ. ವಾರಕ್ಕೆರಡು ಸಲ ನುಗ್ಗೆಸೊಪ್ಪಿನ ಪಲ್ಯ ಮಾಡಿ. ಬೀಟ್‌ರೂಟ್ ಜ್ಯೂಸ್ ಕುಡಿಸಿ, ಒಂದೇ ತಿಂಗಳಲ್ಲಿ ಕೆನ್ನೆ ಕೆಂಪಗಾಗುತ್ತೆ ನೋಡ್ತಿರಿ..."

ಕೆಲವು ವರ್ಷಗಳ ಹಿಂದೆ ವರಮಹಾಲಕ್ಷ್ಮಿ ಹಬ್ಬದ ಅರಿಶಿನ ಕುಂಕುಮಕ್ಕೆ ಹೋಗಿದ್ದಾಗ, ಪಕ್ಕದ ರಸ್ತೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಗೃಹಿಣಿಯೊಬ್ಬರಿಗೆ ಹೀಗೆ ಉಪದೇಶ ಮಾಡಿದವಳು ಬೇರೆ ಯಾರೂ ಅಲ್ಲ, ನಾನೇ. ಅವರ ಎಂಟು ವರ್ಷದ ಮಗಳು ಜರಿ ಲಂಗ ಹಾಕಿಕೊಂಡು ಅಮ್ಮನ ಪಕ್ಕದಲ್ಲೇ ಕೂತಿದ್ದಳು. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. "ಇವಳಿಗೆ ಕಬ್ಬಿಣ ಕಮ್ಮಿ ಆಗಿಲ್ಲ ಮೇಡಂ, ಜಾಸ್ತಿ ಆಗಿದೆ. ಅದನ್ನ ಹೊರಗೆ ಹಾಕೋಕೇ ದಿನಾ ಔಷಧಿ ಕೊಡ್ತಿದೀನಿ" ಅಂದರು. ಬಾಯಿ ತಪ್ಪಿ ಏನೋ ಹೇಳಿದರೇನೋ ಅಂದುಕೊಂಡೆ. ಕಬ್ಬಿಣ ಜಾಸ್ತಿ ಆಗೋದು ಅಂತ ಇರುತ್ತಾ?

ಇರುತ್ತೆ. ನಮ್ಮಂಥ ಹೆಂಗಸರಿಗೆ ಇದು ನಂಬಲು ಕಷ್ಟ. ಏಕೆಂದರೆ ಹೈಸ್ಕೂಲಿನಿಂದ ಹಿಡಿದು ಬಾಣಂತನದವರೆಗೂ ನಾವು ಕೇಳಿದ್ದೆಲ್ಲ 'ನಿಮಗೆ ಎಚ್‌ಬಿ ಕಮ್ಮಿ, ಕಬ್ಬಿಣದ ಮಾತ್ರೆ ತಗೊಳ್ಳಿ' ಅನ್ನೋ ಮಾತನ್ನೇ.

ಆ ಮಗುವಿಗೆ ಇದ್ದದ್ದು ಥಲಸ್ಸೇಮಿಯಾ ಮೇಜರ್. ತಂದೆ ತಾಯಿ ಇಬ್ಬರಿಂದಲೂ ಬಂದ ವಂಶವಾಹಿ ದೋಷದಿಂದಾಗಿ ಇಂಥ ಮಕ್ಕಳ ಮೈಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷ ತುಂಬುವುದರೊಳಗೇ ಮಗು ಸುಸ್ತಾಗಿ, ಬಿಳುಚಿಕೊಂಡು, ಹೊಟ್ಟೆ ಉಬ್ಬಿ ಆಸ್ಪತ್ರೆ ಸೇರುತ್ತದೆ. ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು. ನಮ್ಮ ದೇಶದಲ್ಲಿ ಪ್ರತಿ ವರ್ಷ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಈ ತೊಂದರೆಯೊಂದಿಗೆ ಹುಟ್ಟುತ್ತಾರೆಂಬುದು ಅಂದಾಜು. ರಕ್ತ ಕೊಡಿಸುವ ಕಷ್ಟ ಎಲ್ಲರಿಗೂ ಕಾಣುತ್ತದೆ. ಕಾಣದೇ ಇರೋದು ಅದರ ಜೊತೆಯಲ್ಲೇ ಒಳಗೆ ಹೋಗುವ ಕಬ್ಬಿಣ.

ಲೆಕ್ಕ ಕೇಳಿ. ಆರೋಗ್ಯವಂತ ದೊಡ್ಡವರ ಇಡೀ ಮೈಯಲ್ಲಿರುವ ಕಬ್ಬಿಣ 3ರಿಂದ 4 ಗ್ರಾಂ ಅಷ್ಟೆ. ನಾವು ತಿನ್ನುವ ಸೊಪ್ಪು, ಕಾಳು, ಮೊಟ್ಟೆ, ಮಾಂಸದಿಂದ ದಿನಕ್ಕೆ ಮೈಗೆ ಹತ್ತುವುದು 1ರಿಂದ 2 ಮಿಲಿಗ್ರಾಂ. ಆದರೆ ಒಂದೇ ಒಂದು ಬಾಟಲಿ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತೆ! ಬೆಳೆದ ಹುಡುಗ ಹುಡುಗಿಗೆ ತಿಂಗಳಿಗೆ ಎರಡು ಬಾಟಲಿ ಅಂದರೂ ವರ್ಷಕ್ಕೆ ಐದಾರು ಗ್ರಾಂ ಆಯಿತು. ಅಂದರೆ ಒಬ್ಬ ಮನುಷ್ಯನಲ್ಲಿರುವ ಒಟ್ಟು ಕಬ್ಬಿಣಕ್ಕಿಂತ ಜಾಸ್ತಿ, ಅದೂ ಒಂದೇ ವರ್ಷದಲ್ಲಿ.

ಬಂದಷ್ಟೂ ಹೊರಗೆ ಹೋದರೆ ಚಿಂತೆಯಿಲ್ಲ. ಆದರೆ ಹೆಚ್ಚಾದ ಉಪ್ಪನ್ನೋ ನೀರನ್ನೋ ಹೊರಹಾಕುವ ಹಾಗೆ ಕಬ್ಬಿಣವನ್ನು ಹೊರಹಾಕುವ ವ್ಯವಸ್ಥೆ ನಮ್ಮ ದೇಹದಲ್ಲಿ ಇಲ್ಲವೇ ಇಲ್ಲ. ಅಡುಗೆಮನೆ ಸಿಂಕಿನ ಮೇಲೆ ನಲ್ಲಿ ಇದೆ, ಕೆಳಗೆ ನೀರು ಹೋಗೋಕೆ ಪೈಪೇ ಇಲ್ಲ ಅಂದುಕೊಳ್ಳಿ. ಹಾಗೆ ತುಂಬಿದ ಕಬ್ಬಿಣ ಮೊದಲು ಲಿವರ್‌ನಲ್ಲಿ ಕೂರುತ್ತದೆ. ಆಮೇಲೆ ಹೃದಯ, ಮೇದೋಜೀರಕ ಗ್ರಂಥಿ, ಥೈರಾಯ್ಡ್, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಹದಿನೈದು ದಾಟಿದರೂ ಹುಡುಗಿ ದೊಡ್ಡವಳಾಗುವುದಿಲ್ಲ, ಹುಡುಗನಿಗೆ ಮೀಸೆ ಚಿಗುರುವುದಿಲ್ಲ, ಎತ್ತರ ನಿಂತುಹೋಗುತ್ತದೆ, ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ ಬರುತ್ತದೆ. ಕಬ್ಬಿಣ ತೆಗೆಯುವ ಔಷಧಿ ಇಲ್ಲದ ಕಾಲದಲ್ಲಿ ರಕ್ತ ಹಾಕಿಸಿಕೊಂಡು ಬೆಳೆದ ಮಕ್ಕಳು ಹದಿಹರೆಯದಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಹೃದಯ ಸೋತು ತೀರಿಹೋಗುತ್ತಿದ್ದರು. ಬದುಕಿಸಿದ ರಕ್ತದಿಂದಲೇ ಸಾವು!

ಏಡಿಯ ಕೊಂಡಿ

ಈ ಕಬ್ಬಿಣವನ್ನು ಹಿಡಿದು ಹೊರಗೆಳೆಯುವ ಔಷಧಿಗಳಿಗೆ 'ಕೀಲೇಟರ್' ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಏಡಿಯ ಕೊಂಡಿಗೆ ಇರುವ ಪದದಿಂದ ಬಂದದ್ದು. ಏಡಿ ಹಿಡಿದರೆ ಬಿಡುತ್ತಾ? ಹಾಗೆಯೇ ಈ ಔಷಧಿಯ ಅಣು ಕಬ್ಬಿಣವನ್ನು ಕಚ್ಚಿ ಹಿಡಿದು ಮೂತ್ರದಲ್ಲೋ ಮಲದಲ್ಲೋ ಹೊರಗೆ ಒಯ್ಯುತ್ತದೆ.

ಇದು ಮೊದಲು ಸಿಕ್ಕಿದ್ದು ಮಣ್ಣಿನಲ್ಲಿ ಅಂದರೆ ನಂಬುತ್ತೀರಾ? ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದ್ದರೂ ಅದು ಕರಗದ ರೂಪದಲ್ಲಿರುತ್ತದೆ. ಅದನ್ನು ಕಿತ್ತುಕೊಳ್ಳಲು ಮಣ್ಣಿನ ಸೂಕ್ಷ್ಮಜೀವಿಗಳು ತಮ್ಮದೇ ಒಂದು ಕೊಂಡಿಯನ್ನು ತಯಾರಿಸಿ ಹೊರಗೆ ಬಿಡುತ್ತವೆ. 'ಸ್ಟ್ರೆಪ್ಟೋಮೈಸಿಸ್ ಪೈಲೋಸಸ್' ಎಂಬ ಸೂಕ್ಷ್ಮಜೀವಿಯ ಅಂಥ ಕೊಂಡಿಯಿಂದ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು 1960ರ ಸುಮಾರಿಗೆ 'ಡೆಫೆರಾಕ್ಸಮೀನ್' ಎಂಬ ಔಷಧಿ ಮಾಡಿದರು. ಸಿಬಾ ಕಂಪನಿ ಇದಕ್ಕೆ ಡೆಸ್ಫೆರಾಲ್ ಎಂದು ಹೆಸರಿಟ್ಟಿತು. ತಮಾಷೆಯೆಂದರೆ ಅವರು ಹುಡುಕುತ್ತಿದ್ದದ್ದು ಹೊಸ ಆ್ಯಂಟಿಬಯಾಟಿಕ್ಕನ್ನು!

ಔಷಧಿ ಏನೋ ಸಿಕ್ಕಿತು, ಆದರೆ ಬಾಯಲ್ಲಿ ಕೊಟ್ಟರೆ ಪ್ರಯೋಜನವಿಲ್ಲ. ಇಂಜೆಕ್ಷನ್ ಕೊಟ್ಟರೆ ಬೇಗನೆ ಮೈಯಿಂದ ಇಳಿದುಹೋಗುತ್ತದೆ. 1970ರ ದಶಕದ ಕೊನೆಗೆ ಒಂದು ದಾರಿ ಕಂಡಿತು. ಹೊಟ್ಟೆಯ ಚರ್ಮದಡಿಗೆ ಸಣ್ಣ ಸೂಜಿ ಚುಚ್ಚಿ, ಪುಟ್ಟ ಪಂಪ್ ಕಟ್ಟಿ, ರಾತ್ರಿಯಿಡೀ ಎಂಟರಿಂದ ಹನ್ನೆರಡು ಗಂಟೆ ಹನಿಹನಿಯಾಗಿ ಔಷಧಿ ಬಿಡುವುದು. ವಾರಕ್ಕೆ ಐದಾರು ರಾತ್ರಿ, ವರ್ಷಗಟ್ಟಲೆ! ದಿನಾ ರಾತ್ರಿ ಊಟ ಆದಮೇಲೆ ಮಗುವಿಗೆ ಸೂಜಿ ಚುಚ್ಚಬೇಕಾದವಳು ನರ್ಸ್ ಅಲ್ಲ, ಅಮ್ಮ. ಕಥೆ ಹೇಳಿ ಮಲಗಿಸಬೇಕಾದ ಹೊತ್ತಿನಲ್ಲಿ ಮಗುವಿನ ಕೈಕಾಲು ಒತ್ತಿ ಹಿಡಿಯುವ ಸಂಕಟ ಯಾವ ತಾಯಿಗೂ ಬೇಡ. ಆದರೆ ಹಾಗೆ ಬಿಡದೆ ಚುಚ್ಚಿದ ತಾಯಂದಿರ ಮಕ್ಕಳು ದೊಡ್ಡವರಾದರು, ಓದಿದರು, ಮದುವೆಯಾಗಿ ಮಕ್ಕಳನ್ನೂ ಹೆತ್ತರು.

ಬಾಯಲ್ಲಿ ನುಂಗುವ ಔಷಧಿ ಬರುವ ಹೊತ್ತಿಗೆ ಮತ್ತಷ್ಟು ವರ್ಷ ಹಿಡಿಯಿತು. 1980ರ ದಶಕದಲ್ಲಿ ಲಂಡನ್ನಿನಲ್ಲಿ ರೂಪುಗೊಂಡ 'ಡೆಫೆರಿಪ್ರೋನ್' ಮಾತ್ರೆಗೆ ಮೊದಲು ಅನುಮತಿ ಸಿಕ್ಕಿದ್ದು ನಮ್ಮ ಭಾರತದಲ್ಲೇ, 1990ರ ದಶಕದ ಮಧ್ಯದಲ್ಲಿ. ಯುರೋಪಿನವರು 1999ರಲ್ಲಿ, ಅಮೆರಿಕದವರು 2011ರಲ್ಲಿ ಒಪ್ಪಿದರು. ದಿನಕ್ಕೊಂದೇ ಸಲ ಕೊಡಬಹುದಾದ 'ಡೆಫೆರಾಸಿರಾಕ್ಸ್' ಅಮೆರಿಕದಲ್ಲಿ 2005ರಲ್ಲಿ ಬಂತು. ಇವತ್ತು ನಮ್ಮಲ್ಲಿ ಹೆಚ್ಚಿನ ಮಕ್ಕಳು ತೆಗೆದುಕೊಳ್ಳುತ್ತಿರುವುದು ಇದನ್ನೇ.

ಮನೆಯಲ್ಲಿ ಕೊಡುವಾಗ

ಸಾಮಾನ್ಯವಾಗಿ ಹತ್ತಿಪ್ಪತ್ತು ಸಲ ರಕ್ತ ಹಾಕಿಸಿದ ಮೇಲೆ, ಅಥವಾ ರಕ್ತದಲ್ಲಿ 'ಫೆರಿಟಿನ್' ಅಂಶ 1000 ದಾಟಿದ ಮೇಲೆ ವೈದ್ಯರು ಈ ಔಷಧಿ ಶುರು ಮಾಡುತ್ತಾರೆ. ಫೆರಿಟಿನ್ ಎಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಪಾಸ್‌ಬುಕ್ ಇದ್ದ ಹಾಗೆ. ಆದರೆ ಜ್ವರ, ಸೋಂಕು ಇದ್ದಾಗಲೂ ಅದು ಏರುತ್ತದೆ. ಒಂದು ರಿಪೋರ್ಟ್ ನೋಡಿ ಗಾಬರಿ ಆಗುವುದಾಗಲಿ ಹಿಗ್ಗುವುದಾಗಲಿ ಬೇಡ, ಮೂರು ತಿಂಗಳಿಗೊಮ್ಮೆ ಮಾಡಿಸುತ್ತಾ ಅದು ಯಾವ ಕಡೆ ಹೋಗುತ್ತಿದೆ ನೋಡಬೇಕು. ಹೃದಯದಲ್ಲಿ ಕಬ್ಬಿಣ ಎಷ್ಟು ಕೂತಿದೆ ಎಂದು ತಿಳಿಯಲು 'ಟಿ ಟು ಸ್ಟಾರ್' ಎಂಬ ವಿಶೇಷ ಎಂಆರ್‌ಐ ಇದೆ. ಅದರಲ್ಲಿ 20ಕ್ಕಿಂತ ಮೇಲಿದ್ದರೆ ಸಮಾಧಾನ, 10ಕ್ಕಿಂತ ಕೆಳಗಿಳಿದರೆ ಅಪಾಯ. ಇಲ್ಲಿ ಸಂಖ್ಯೆ ಕಮ್ಮಿಯಾದಷ್ಟೂ ಕಬ್ಬಿಣ ಜಾಸ್ತಿ ಎನ್ನುವುದನ್ನು ಮರೆಯಬೇಡಿ.

ಡೆಫೆರಾಸಿರಾಕ್ಸ್‌ನಲ್ಲಿ ಎರಡು ಬಗೆ. ಒಂದು ನೀರಿನಲ್ಲೋ ಕಿತ್ತಳೆ ರಸದಲ್ಲೋ ಕದಡಿ ಕುಡಿಸುವ ಮಾತ್ರೆ. ದಿನಾ ಒಂದೇ ಹೊತ್ತಿಗೆ, ತಿಂಡಿಗೆ ಅರ್ಧ ಗಂಟೆ ಮುಂಚೆ, ಖಾಲಿ ಹೊಟ್ಟೆಯಲ್ಲಿ ಕೊಡಬೇಕು. ಲೋಟದ ತಳದಲ್ಲಿ ಉಳಿದ ಗಸಿಗೆ ಸ್ವಲ್ಪ ನೀರು ಹಾಕಿ ಅದನ್ನೂ ಕುಡಿಸಿ. ಎಷ್ಟೋ ಮನೆಗಳಲ್ಲಿ ಅರ್ಧ ಔಷಧಿ ಲೋಟ ತೊಳೆಯುವಾಗ ಸಿಂಕಿಗೆ ಹೋಗಿರುತ್ತದೆ! ಇನ್ನೊಂದು ನೇರವಾಗಿ ನುಂಗುವ ಮಾತ್ರೆ. ಇವೆರಡರ ಮಿಲಿಗ್ರಾಂ ಲೆಕ್ಕ ಒಂದೇ ಅಲ್ಲ. 'ಅದು ಸ್ಟಾಕ್ ಇಲ್ಲ, ಇದೂ ಅದೇ, ತಗೊಂಡು ಹೋಗಿ' ಎಂದು ಮೆಡಿಕಲ್ ಶಾಪಿನವರು ಬದಲಾಯಿಸಿ ಕೊಟ್ಟರೆ ವೈದ್ಯರನ್ನು ಕೇಳದೆ ಕೊಡಲೇಬೇಡಿ. ಈ ಔಷಧಿ ಕಿಡ್ನಿ, ಲಿವರ್ ಮೇಲೆ ಪರಿಣಾಮ ಬೀರಬಹುದು. ಆದ್ದರಿಂದ ರಕ್ತ, ಮೂತ್ರ ಪರೀಕ್ಷೆ ತಪ್ಪಿಸುವಂತಿಲ್ಲ. ಮಗುವಿಗೆ ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಮ್ಮಿಯಾದ ದಿನ ಮೊದಲು ವೈದ್ಯರಿಗೆ ಫೋನ್ ಮಾಡಿ, ಔಷಧಿ ಕೊಡಬೇಕೋ ನಿಲ್ಲಿಸಬೇಕೋ ಕೇಳಿಕೊಳ್ಳಿ.

ಡೆಫೆರಿಪ್ರೋನ್ ತೆಗೆದುಕೊಳ್ಳುವ ಮಕ್ಕಳ ಮೂತ್ರ ಕೆಂಪು ಕಂದು ಬಣ್ಣಕ್ಕೆ ತಿರುಗುತ್ತದೆ. ಹೆದರಬೇಡಿ, ಅದು ಹೊರಗೆ ಹೋಗುತ್ತಿರುವ ಕಬ್ಬಿಣ. ಹೆದರಬೇಕಾದದ್ದು ಜ್ವರಕ್ಕೆ, ಗಂಟಲು ನೋವಿಗೆ. ಕೆಲವರಲ್ಲಿ ಈ ಔಷಧಿ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು ಇದ್ದಕ್ಕಿದ್ದಂತೆ ತಗ್ಗಿಸಿಬಿಡುತ್ತದೆ. ಆಗ ಸಾಮಾನ್ಯ ಸೋಂಕೂ ಪ್ರಾಣಕ್ಕೆ ತರಬಹುದು. ಜ್ವರ ಬಂತೆಂದರೆ ಮಾತ್ರೆ ನಿಲ್ಲಿಸಿ ಅವತ್ತೇ ರಕ್ತ ಪರೀಕ್ಷೆ ಮಾಡಿಸಬೇಕು. 'ಬೆಳಿಗ್ಗೆ ನೋಡೋಣ' ಅನ್ನುವ ಹಾಗಿಲ್ಲ. ಕಬ್ಬಿಣ ತೆಗೆಯುವ ಯಾವ ಔಷಧಿಯಾದರೂ ವರ್ಷಕ್ಕೊಮ್ಮೆ ಕಣ್ಣು, ಕಿವಿ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಇಷ್ಟೆಲ್ಲ ಗೊತ್ತಿದ್ದೂ ಔಷಧಿ ತಪ್ಪುವುದು ಏಕೆ? ನೋವಿಲ್ಲವಲ್ಲ! ರಕ್ತ ಹಾಕಿಸದಿದ್ದರೆ ಮಗು ನಾಲ್ಕೇ ದಿನದಲ್ಲಿ ಬಾಡುತ್ತದೆ. ಈ ಔಷಧಿ ಒಂದು ತಿಂಗಳು ಬಿಟ್ಟರೂ ಹೊರಗೆ ಏನೂ ಕಾಣುವುದಿಲ್ಲ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಮಕ್ಕಳು 'ನನ್ನ ಫ್ರೆಂಡ್ಸ್ ಯಾರೂ ತಗೊಳಲ್ಲ, ನಾನ್ಯಾಕೆ?' ಎಂದು ಹಟ ಹಿಡಿಯುತ್ತಾರೆ. ನಮ್ಮ ಪಕ್ಕದ ರಸ್ತೆಯ ಹುಡುಗಿಯೂ ಹಾಗೇ ಮಾಡಿದಳು. ಲೋಟದ ಔಷಧಿಯನ್ನು ಬಾಲ್ಕನಿಯ ತುಳಸಿ ಕುಂಡಕ್ಕೆ ಸುರಿಯುತ್ತಿದ್ದಳಂತೆ. ಫೆರಿಟಿನ್ ಎರಡೂವರೆ ಸಾವಿರದಿಂದ ನಾಲ್ಕು ಸಾವಿರಕ್ಕೆ ಏರಿದಾಗಲೇ ಅಮ್ಮನಿಗೆ ಅನುಮಾನ ಬಂದದ್ದು. ಬೈದರೆ ಕೇಳುವ ವಯಸ್ಸಲ್ಲ. ವೈದ್ಯರು ಅಮ್ಮನನ್ನು ಹೊರಗೆ ಕೂರಿಸಿ, ಹುಡುಗಿಯ ಮುಂದೆಯೇ ಅವಳ ಹೃದಯದ ಎಂಆರ್‌ಐ ರಿಪೋರ್ಟ್ ಬಿಚ್ಚಿಟ್ಟು ಮಾತಾಡಿದರಂತೆ. ಒಳಗೆ ಏನು ಮಾತಾಯಿತೋ ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಅಜ್ಜಿಯ ಟಾನಿಕ್

ಇನ್ನೊಂದು ಕಥೆಯೂ ಆ ಮನೆಯದ್ದೇ. ರಜಾಕ್ಕೆ ಊರಿಗೆ ಹೋದಾಗ ಅಜ್ಜಿ ಮೊಮ್ಮಗಳನ್ನು ನೋಡಲಾರದೆ, ಸೊಸೆಗೆ ಗೊತ್ತಾಗದ ಹಾಗೆ ಕಬ್ಬಿಣದ ಟಾನಿಕ್ ಕುಡಿಸಿದ್ದರಂತೆ. ಅಜ್ಜಿಯದ್ದು ಪ್ರೀತಿಯೇ. ನಾನು ಖರ್ಜೂರ ಕೊಡಿ ಅಂದದ್ದೂ ಹಾಗೇ ತಾನೇ? ನಿಮ್ಮ ಮನೆಯಲ್ಲೋ ನೆಂಟರಲ್ಲೋ ಇಂಥ ಮಗು ಇದ್ದರೆ ವೈದ್ಯರು ಹೇಳದೆ ಕಬ್ಬಿಣದ ಟಾನಿಕ್ ಬೇಡ, ವಿಟಮಿನ್ ಸಿ ಮಾತ್ರೆಯೂ ಬೇಡ. ಕಬ್ಬಿಣ ತುಂಬಿದ ಮೈಗೆ ಹೆಚ್ಚು ವಿಟಮಿನ್ ಸಿ ಹೋದರೆ ಹೃದಯಕ್ಕೆ ತೊಂದರೆ. ಹಾಗಂತ ಸೊಪ್ಪಿನ ಸಾರನ್ನೂ ಕಿತ್ತುಕೊಳ್ಳಬೇಡಿ ಪಾಪ. ಒಂದು ಬಾಟಲಿ ರಕ್ತದ ಮುಂದೆ ಒಂದು ಸೌಟು ದಂಟಿನ ಸೊಪ್ಪು ಯಾವ ಲೆಕ್ಕ? ಲಿವರ್‌ನಂಥ ಕಬ್ಬಿಣ ತುಂಬಿದ ಮಾಂಸ ಬಿಟ್ಟರೆ, ಊಟದ ಜೊತೆ ಒಂದು ಲೋಟ ಟೀ ಕೊಟ್ಟರೆ ಸಾಕು. ಟೀ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ನಮ್ಮ ನಿಮ್ಮಂಥವರು ಊಟ ಮಾಡಿದ ಕೂಡಲೇ ಟೀ ಕುಡಿಯಬಾರದು ಅನ್ನುವುದೂ ಅದಕ್ಕೇ.

ಇನ್ನು ನಿಮ್ಮ ವಿಷಯ. ವರ್ಷಗಟ್ಟಲೆ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಹತ್ತರ ಆಸುಪಾಸಿನಲ್ಲೇ ನಿಂತಿದೆಯೇ? ಹಾಗಿದ್ದರೆ ನೀವು ಥಲಸ್ಸೇಮಿಯಾ ಮೈನರ್ ಆಗಿರಬಹುದು. ಇದು ಕಾಯಿಲೆ ಅಲ್ಲ, ಒಂದು ದೋಷವುಳ್ಳ ವಂಶವಾಹಿ ಮಾತ್ರ ಇರುವ ಸ್ಥಿತಿ. ನಮ್ಮ ದೇಶದಲ್ಲಿ ನೂರಕ್ಕೆ ಮೂರ್ನಾಲ್ಕು ಜನ ಹೀಗಿದ್ದಾರೆ. ಸಿಂಧಿ, ಪಂಜಾಬಿ, ಗುಜರಾತಿನ ಕೆಲವು ಸಮುದಾಯಗಳಲ್ಲಿ ಇನ್ನೂ ಜಾಸ್ತಿ, ಹಾಗಂತ ಉಳಿದವರಿಗೆ ಇಲ್ಲವೆಂದಲ್ಲ. ನಿಜವಾಗಿ ಕಬ್ಬಿಣ ಕಮ್ಮಿ ಇದೆಯೋ ಇಲ್ಲವೋ ಎಂದು ಫೆರಿಟಿನ್ ಹೇಳುತ್ತದೆ. ಮೈನರ್ ಹೌದೋ ಅಲ್ಲವೋ ಎಂದು 'ಎಚ್‌ಪಿಎಲ್‌ಸಿ' ಪರೀಕ್ಷೆ ಹೇಳುತ್ತದೆ. ಕೆಲವರಿಗೆ ಎರಡೂ ಇರಬಹುದು, ಹಾಗಾಗಿ ಇದನ್ನು ಓದಿ ಮಾತ್ರೆ ಬಿಟ್ಟುಬಿಡಬೇಡಿ, ಪರೀಕ್ಷೆ ಮಾಡಿಸಿ. ಗಂಡ ಹೆಂಡತಿ ಇಬ್ಬರೂ ಮೈನರ್ ಆಗಿದ್ದರೆ ಪ್ರತಿ ಬಸಿರಿನಲ್ಲೂ ಮಗು ಮೇಜರ್ ಆಗುವ ಸಾಧ್ಯತೆ ನೂರಕ್ಕೆ ಇಪ್ಪತ್ತೈದು. ಜಾತಕದ ಮೂವತ್ತಾರು ಗುಣ ಕೂಡಿಸುವ ನಾವು ಈ ಒಂದು ಪರೀಕ್ಷೆಗೆ ಹಿಂಜರಿಯುತ್ತೇವೆ! ಮದುವೆಗೆ ಮುಂಚೆ ಆಗದಿದ್ದರೆ ಬಸಿರಾದ ಮೊದಲ ತಿಂಗಳುಗಳಲ್ಲಾದರೂ ಮಾಡಿಸಿಕೊಳ್ಳಿ. ಇಬ್ಬರೂ ಮೈನರ್ ಎಂದು ಗೊತ್ತಾದರೆ ಮೂರನೆಯ ತಿಂಗಳಿನಲ್ಲೇ ಹೊಟ್ಟೆಯಲ್ಲಿರುವ ಮಗುವನ್ನು ಪರೀಕ್ಷಿಸಬಹುದು.

ಕಪಾಟಿನಲ್ಲಿರುವ ವಿಷ

ನಿಮ್ಮ ಮನೆಯಲ್ಲಿ ಥಲಸ್ಸೇಮಿಯಾ ಇಲ್ಲದೇ ಇರಬಹುದು, ಕಬ್ಬಿಣದ ಮಾತ್ರೆ ಇದ್ದೇ ಇರುತ್ತದಲ್ಲ? ಎರಡನೇ ಬಸಿರು, ಮೊದಲನೆಯ ಮಗುವಿಗೆ ಎರಡು ವರ್ಷ. ಅಮ್ಮನ ಕೆಂಪು ಮಾತ್ರೆ ಜೆಮ್ಸ್ ಥರಾನೇ ಕಾಣುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಕೊಡುವ ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ. ಹತ್ತು ಕೆಜಿಯ ಮಗು ಮೂರ್ನಾಲ್ಕು ನುಂಗಿದರೆ ತೊಂದರೆ ಶುರು, ಹತ್ತು ನುಂಗಿದರೆ ಪ್ರಾಣಾಪಾಯ. ಅಂಗಡಿಯಲ್ಲಿ ಸಿಗುವ 100 ಮಿಲಿಗ್ರಾಮಿನದ್ದಾದರೆ ಆರೇ ಸಾಕು!

ಇದರ ಮೋಸ ಏನೆಂದರೆ, ಮೊದಲ ಆರು ಗಂಟೆ ವಾಂತಿ, ಭೇದಿ, ಹೊಟ್ಟೆನೋವು. ಆಮೇಲೆ ಮಗು ಸುಧಾರಿಸಿದಂತೆ ಕಾಣುತ್ತದೆ, ಆಟಕ್ಕೂ ಇಳಿಯಬಹುದು. ಅಬ್ಬಾ, ಆಯಿತಲ್ಲ ಎಂದು ನಾವು ಸುಮ್ಮನಾದಾಗಲೇ ಒಳಗೆ ಲಿವರ್ ಹಾಳಾಗುತ್ತಿರುತ್ತದೆ. ಮಾರನೆಯ ದಿನ ಮಗು ಕುಸಿದರೆ ಕಷ್ಟ. ಆದ್ದರಿಂದ ವಾಂತಿ ಬರಿಸುವ ಮನೆಮದ್ದಿಗೆ ಕೈಹಾಕದೆ, ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೂ ತೆಗೆದುಕೊಂಡು ದೊಡ್ಡ ಆಸ್ಪತ್ರೆಗೆ ಓಡಿ. ಹೆಚ್ಚಿನ ವಿಷಗಳಿಗೆ ಕೊಡುವ ಇದ್ದಿಲಿನ ಪುಡಿ ಕಬ್ಬಿಣವನ್ನು ಹಿಡಿಯುವುದಿಲ್ಲ. ಇಲ್ಲಿ ಬೇಕಾಗುವುದು ಅದೇ ಸ್ವಿಟ್ಜರ್ಲೆಂಡಿನ ಡೆಫೆರಾಕ್ಸಮೀನ್, ನರಕ್ಕೆ ಡ್ರಿಪ್ ಮೂಲಕ. ಅಮೆರಿಕದಲ್ಲಿ 1997ರಲ್ಲಿ ಹೆಚ್ಚು ಶಕ್ತಿಯ ಕಬ್ಬಿಣದ ಮಾತ್ರೆಗಳನ್ನು ಒಂದೊಂದಾಗಿ ಕಿತ್ತು ತೆಗೆಯುವ ಪ್ಯಾಕಿನಲ್ಲೇ ಮಾರಬೇಕೆಂದು ನಿಯಮ ಮಾಡಿದ ಮೇಲೆ ಚಿಕ್ಕ ಮಕ್ಕಳ ಸಾವು ತೀರಾ ಇಳಿಯಿತು. ಡಬ್ಬಿಯಲ್ಲಿ ಬರುವ ಮಾತ್ರೆಯನ್ನು ಫ್ರಿಜ್ಜಿನ ಮೇಲೋ ಡೈನಿಂಗ್ ಟೇಬಲ್ಲಿನ ಮೇಲೋ ಇಟ್ಟಿದ್ದರೆ ಇವತ್ತೇ ಎತ್ತಿ ಬೀಗವಿರುವ ಕಪಾಟಿಗೆ ಇಡಿ. ಹಾಗೆಯೇ ಮಾತ್ರೆ ನುಂಗಿಸುವಾಗ ಮಕ್ಕಳಿಗೆ 'ಚಾಕೊಲೇಟು' ಅನ್ನಬೇಡಿ.

ಲ್ಯಾಬ್‌ಗಳಲ್ಲೂ ಈ ಕೊಂಡಿಗೆ ಕೆಲಸವಿದೆ. ಕಬ್ಬಿಣದ ಬದಲು 'ಜಿರ್ಕೋನಿಯಂ' ಎಂಬ ವಿಕಿರಣ ಲೋಹವನ್ನು ಡೆಫೆರಾಕ್ಸಮೀನ್ ಕೊಂಡಿಗೆ ಸಿಕ್ಕಿಸಿ, ಮೈಯಲ್ಲಿ ಕ್ಯಾನ್ಸರ್ ಗಡ್ಡೆ ಎಲ್ಲಿದೆ ಎಂದು ಪೆಟ್ ಸ್ಕ್ಯಾನಿನಲ್ಲಿ ಹುಡುಕುತ್ತಾರೆ. ಪಾರ್ಕಿನ್‌ಸನ್ ಕಾಯಿಲೆಯವರ ಮಿದುಳಿನ ಒಂದು ಭಾಗದಲ್ಲಿ ಕಬ್ಬಿಣ ಹೆಚ್ಚಿರುವುದು ಗೊತ್ತಿತ್ತು. ತೆಗೆದರೆ ಗುಣವಾಗಬಹುದೇ ಎಂದು ಯುರೋಪಿನಲ್ಲಿ 372 ರೋಗಿಗಳ ಮೇಲೆ ಡೆಫೆರಿಪ್ರೋನ್ ಪರೀಕ್ಷಿಸಿದರು. 2022ರಲ್ಲಿ ಫಲಿತಾಂಶ ಬಂತು. ಮಿದುಳಿನ ಕಬ್ಬಿಣವೇನೋ ಇಳಿದಿತ್ತು, ಆದರೆ ಔಷಧಿ ತೆಗೆದುಕೊಂಡವರ ಸ್ಥಿತಿ ತೆಗೆದುಕೊಳ್ಳದವರಿಗಿಂತ ಕೆಟ್ಟಿತ್ತು! ಇದನ್ನು ಯಾಕೆ ಹೇಳಿದೆ ಅಂದರೆ, 'ಕೀಲೇಶನ್ ಥೆರಪಿಯಿಂದ ಮೈಯ ಲೋಹವೆಲ್ಲ ತೆಗೆದು ಯೌವನ ಕೊಡುತ್ತೇವೆ, ಹಾರ್ಟ್ ಬ್ಲಾಕ್ ಕರಗಿಸುತ್ತೇವೆ' ಎಂಬ ಜಾಹೀರಾತುಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಅಲ್ಲಿ ಸಾಮಾನ್ಯವಾಗಿ ಬಳಸುವುದು 'ಇಡಿಟಿಎ' ಎಂಬ ಬೇರೆ ಕೊಂಡಿಯನ್ನು. ಹೃದಯಾಘಾತವಾದ ಸಕ್ಕರೆ ಕಾಯಿಲೆಯವರ ಮೇಲೆ ಅದನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು, ಹೃದಯಕ್ಕೆ ಪ್ರಯೋಜನ ಕಾಣಲಿಲ್ಲ. ಯಜಮಾನರು ಜಾಹೀರಾತು ಕತ್ತರಿಸಿ ಇಟ್ಟುಕೊಂಡಿದ್ದರೆ ಮೊದಲು ನಿಮ್ಮ ಹೃದ್ರೋಗ ತಜ್ಞರಿಗೆ ತೋರಿಸಿ.

ಥಲಸ್ಸೇಮಿಯಾ ಮಕ್ಕಳ ತಾಯಂದಿರಿಗೆ ಒಂದೆರಡು ಮಾಹಿತಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾವೂ ಸೇರಿದೆ, ಪ್ರಮಾಣಪತ್ರ ಮಾಡಿಸಿಕೊಳ್ಳಿ. ಅಸ್ಥಿಮಜ್ಜೆ ಕಸಿಗೆ ಕೋಲ್ ಇಂಡಿಯಾ ಸಂಸ್ಥೆ 2017ರಲ್ಲಿ ಶುರು ಮಾಡಿದ ಯೋಜನೆಯಲ್ಲಿ ಹತ್ತು ಲಕ್ಷ ರೂಪಾಯಿವರೆಗೆ ನೆರವು ಕೊಡುವ ಏರ್ಪಾಡಿದೆ. ಒಡಹುಟ್ಟಿದವರ ಮಜ್ಜೆ ಹೊಂದುತ್ತದೆಯೇ ಎಂದು ಮಗು ಚಿಕ್ಕದಿರುವಾಗಲೇ ನೋಡಿಸಿ. ಕಬ್ಬಿಣ ಮೈಯನ್ನು ಕೆಡಿಸುವ ಮೊದಲೇ ಕಸಿ ಮಾಡಿದರೆ ಫಲ ಜಾಸ್ತಿ. ಅಂದರೆ ಕಸಿಗೆ ಕಾಯುವವರಿಗೂ ಈ ಔಷಧಿ ತಪ್ಪದು.

ನಮ್ಮ ಪಕ್ಕದ ರಸ್ತೆಯ ಹುಡುಗಿ ಈಗ ಸೆಕೆಂಡ್ ಪಿಯುಸಿ. ಈ ಸಲದ ಅರಿಶಿನ ಕುಂಕುಮಕ್ಕೆ ನಮ್ಮ ಮನೆಗೆ ಅವಳೇ ಬಂದಿದ್ದಳು. ಅಮ್ಮನಿಗೆ ಮಂಡಿ ನೋವಂತೆ. ತಟ್ಟೆಯಲ್ಲಿದ್ದ ಖರ್ಜೂರ ನೋಡಿ ನಾನು ತಡವರಿಸಿದೆ. "ಒಂದು ತಿಂದ್ರೆ ಏನೂ ಆಗಲ್ಲ ಆಂಟಿ, ನಂದು ಫೆರಿಟಿನ್ ಈಗ ಒಂಬೈನೂರು" ಎಂದು ನಗುತ್ತಾ ಎರಡು ಎತ್ತಿಕೊಂಡಳು.